ಆಕ್ಸಿಜನ್ ಸೆನ್ಸರ್ ಕೆಟ್ಟಿರಲಿಲ್ಲ, ಫ್ಯೂಸ್ ಸುಟ್ಟಿತ್ತು
ಕಾರಿನ ಚೆಕ್ ಇಂಜಿನ್ ದೀಪ ಹೊತ್ತಿಕೊಂಡಾಗ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0135 ಮತ್ತು ಪಿ0141 ಕೋಡ್‌ಗಳು ಒಟ್ಟಿಗೆ ಕಂಡವು. ಎರಡೂ, ಇಂಜಿನ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗಳನ್ನು ಬಿಸಿ ಮಾಡುವ ಹೀಟರ್‌ಗೆ ಸಂಬಂಧಿಸಿದವು. ಎರಡು ಸೆನ್ಸರ್‌ಗಳು ಒಂದೇ ದಿನ ಕೆಡುವುದು ಅಪರೂಪವಾದ್ದರಿಂದ, ಹೊಸದನ್ನು ಕೊಳ್ಳುವ ಮೊದಲು ಫ್ಯೂಸ್ ಬಾಕ್ಸ್ ತೆರೆದೆ. ಎರಡೂ ಹೀಟರ್‌ಗಳಿಗೆ ಕರೆಂಟ್ ಒದಗಿಸುವ 15 ಆಂಪಿಯರ್ ಫ್ಯೂಸಿನ ತಂತಿ ತುಂಡಾಗಿ, ಪ್ಲಾಸ್ಟಿಕ್ಕಿನೊಳಗೆ ಕಪ್ಪು ಕಲೆ ಕಟ್ಟಿತ್ತು. ಹೊಸ ಫ್ಯೂಸ್ ಹಾಕಿದರೆ ಅದೂ ಕ್ಷಣದಲ್ಲೇ ಹೋಯಿತು. ಹೆಚ್ಚು ಆಂಪಿಯರಿನದನ್ನು ಹಾಕಿಬಿಡುವ ಆಸೆ ಬಂದದ್ದು ನಿಜ, ಆದರೆ ಅದು ವೈರಿಗೇ ಬೆಂಕಿ ಹಚ್ಚುವ ದಾರಿ. ಇಂಜಿನ್ ತಣ್ಣಗಾದ ಮೇಲೆ ಕಾರಿನಡಿ ನೋಡಿದಾಗ, ಹಿಂಬದಿಯ ಸೆನ್ಸರಿನ ವೈರು ಕ್ಲಿಪ್ಪಿನಿಂದ ಜಾರಿ ಸೈಲೆನ್ಸರ್ ಪೈಪಿಗೆ ತಾಗಿ, ಹೊದಿಕೆ ಕರಗಿ ತಾಮ್ರ ಬಯಲಾಗಿ ಪೈಪಿಗೆ ಶಾರ್ಟ್ ಆಗುತ್ತಿತ್ತು. ಸುಟ್ಟ ಭಾಗವನ್ನು ಕತ್ತರಿಸಿ ಜೋಡಿಸಿ, ಶಾಖ ತಡೆಯುವ ಹೊದಿಕೆ ಹಾಕಿ, ಪೈಪಿನಿಂದ ದೂರ ಕಟ್ಟಿದೆ. ಮತ್ತೆ 15 ಆಂಪಿಯರಿನದೇ ಫ್ಯೂಸ್ ಹಾಕಿ ಕೋಡ್‌ಗಳನ್ನು ಅಳಿಸಿದ ಮೇಲೆ ದೀಪ ಹೊತ್ತಿಲ್ಲ.