ಸೆಪ್ಟೆಂಬರ್‌ಗೆ ಮುಂಚೆ: ಇಂಗ್ಲೆಂಡಿನ ಶಾಲೆಗೆ ಮಕ್ಕಳನ್ನು ಸೇರಿಸುವ ನಮ್ಮ ಚರ್ಚಿನ ಸಭೆಯ ಹೊಸಬರಿಗೆ

ನಮಗೆ ಶಾಲೆ ತೆರೆಯುವುದೆಂದರೆ ಜೂನ್ ತಿಂಗಳ ಮಳೆ, ಹೊಸ ಪಾಟಿಚೀಲದ ವಾಸನೆ, ಹೊಸ್ತಿಲು ದಾಟುವ ಮುಂಚೆ ಅವ್ವ ತಲೆಯ ಮೇಲೆ ಕೈಯಿಟ್ಟು ಮಾಡುತ್ತಿದ್ದ ಪ್ರಾರ್ಥನೆ. ಇಲ್ಲಿ ಅದು ಸೆಪ್ಟೆಂಬರ್‌ನಲ್ಲಿ, ಎಲೆ ಹಳದಿಯಾಗುವ ಹೊತ್ತಿಗೆ. ಗದಗ-ಬೆಟಗೇರಿಯಿಂದ ಲೆಸ್ಟರ್‌ಗೆ ಬಂದ ನನಗೆ ಆ ಮೊದಲ ಸೆಪ್ಟೆಂಬರ್ ಇನ್ನೂ ಮೈಮೇಲಿದೆ.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಮಗುವಿಗೆ ನಾಲ್ಕು ತುಂಬಿದ ನಂತರದ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್, ಅಂದರೆ ಶಾಲೆಯ ಮೊಟ್ಟಮೊದಲ ತರಗತಿ. ಅದಕ್ಕೆ ಅರ್ಜಿ ಆ ವರ್ಷದ ಜನವರಿ 15ರೊಳಗೆ ಸ್ಥಳೀಯ ಕೌನ್ಸಿಲ್‌ಗೆ, ಉತ್ತರ ಏಪ್ರಿಲ್ 16ರ ಸುಮಾರಿಗೆ. ಚರ್ಚಿನ ಶಾಲೆಗಾದರೆ ಇನ್ನೊಂದು ನಮೂನೆ, ಅದರ ಮೇಲೆ ಇಲ್ಲಿನ ಪಾದ್ರಿಯ ಸಹಿ ಕೇಳಬಹುದು. ದೀಕ್ಷಾಸ್ನಾನದ ಪತ್ರವನ್ನು ಊರಿನಿಂದಲೇ ತನ್ನಿ. ರಿಸೆಪ್ಷನ್‌ನಿಂದ ‘ಇಯರ್ 2’ ಎನ್ನುವ ತರಗತಿಯವರೆಗೆ ಮಧ್ಯಾಹ್ನದ ಊಟ ಉಚಿತ. ಇಷ್ಟು ಸಾಕು, ಉಳಿದದ್ದನ್ನು ಕೌನ್ಸಿಲ್‌ನವರೇ ಹೇಳುತ್ತಾರೆ. ಯಾರೂ ಹೇಳದಿದ್ದದ್ದನ್ನು ನಾನು ಹೇಳಬೇಕು.

ಶಾಲೆ ಆರಂಭವಾದ ಮೂರನೆಯ ದಿನ ನಾನು ಶೇಂಗಾ ಉಂಡೆ ಕಟ್ಟಿದೆ. ರಾತ್ರಿ ಶೇಂಗಾ ಹುರಿದು, ಸಿಪ್ಪೆ ಉಜ್ಜಿ ಊದಿ, ಊರಿನಿಂದ ತಂದಿದ್ದ ಬೆಲ್ಲದ ಕೊನೆಯ ಅಚ್ಚನ್ನು ಪಾಕಕ್ಕೆ ಹಾಕಿ, ಮೂವತ್ತು ಮಕ್ಕಳಿಗೆ ಮೂವತ್ತು ಉಂಡೆ. ಮಗಳಿಗೆ ಇನ್ನೂ ಒಬ್ಬ ಗೆಳತಿಯೂ ಇರಲಿಲ್ಲ. ಹಂಚಿ ತಿಂದರೆ ಸ್ನೇಹ ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಬಾಗಿಲಲ್ಲಿ ಶಿಕ್ಷಕಿ ಮುಚ್ಚಳ ತೆಗೆದು ನೋಡಿದವರೇ ಮುಚ್ಚಿ, ಡಬ್ಬಿಯನ್ನು ಮೈಯಿಂದ ದೂರ ಹಿಡಿದು ನನಗೇ ಮರಳಿಸಿ, ಒಳಗೆ ಹೋಗಿ ಕೈ ತೊಳೆದುಕೊಂಡರು. ಅದನ್ನು ನಾನು ಕಿಟಕಿಯ ಗಾಜಿನಿಂದ ನೋಡಿದೆ. ಮನೆಯವರೆಗೂ ಅಳುತ್ತಾ ನಡೆದೆ. ನಮ್ಮ ಅಡುಗೆ, ನಮ್ಮ ಕೈ ಇವರಿಗೆ ಮೈಲಿಗೆಯಾಯಿತೇ ಎಂದು ಕುದಿದೆ.

ಸಂಜೆ ಮಗಳ ಚೀಲ ಬರಿದು ಮಾಡುವಾಗ ಶಾಲೆಯ ಪತ್ರ ಸಿಕ್ಕಿತು. ತರಗತಿಯ ಒಂದು ಮಗುವಿಗೆ ಶೇಂಗಾ ಆಗುವುದಿಲ್ಲ, ತಾಗಿದರೆ ಉಸಿರು ಕಟ್ಟಬಹುದು, ಆದ್ದರಿಂದ ಯಾವ ಬೀಜದ ತಿಂಡಿಯೂ ಶಾಲೆಗೆ ಬೇಡ ಎಂದು ಬರೆದಿತ್ತು. ಅದೇ ಪತ್ರ ಜುಲೈಯಲ್ಲೂ ಬಂದಿತ್ತು, ನಾನು ಓದಿರಲಿಲ್ಲ. ಆ ಮಗು ನನ್ನ ಮಗಳ ಪಕ್ಕದಲ್ಲೇ ಕೂರುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಲ್ಲಿ ಕೇಳಿ ಕೊಡುವವರು ಯಾರು? ಬಾಯಿಗೆ ಇಡುವುದೇ ಪ್ರೀತಿ. ಇಲ್ಲಿ ಮೊದಲು ಕೇಳಿ. ಶಾಲೆಯಿಂದ ಬರುವ ಪ್ರತಿ ಪತ್ರವನ್ನೂ ಕೊನೆಯ ಸಾಲಿನವರೆಗೆ ಓದಿ. ಕರ್ತನು ನೆರೆಯವನನ್ನು ಪ್ರೀತಿಸು ಎಂದಾಗ ನೆರೆಯವನಿಗೆ ಏನು ಬೇಕೆಂದು ತಿಳಿದುಕೊಳ್ಳುವುದೂ ಅದರಲ್ಲಿ ಸೇರಿತ್ತು.

ಎರಡನೆಯ ತಪ್ಪು ನನಗೆ ಇನ್ನೂ ಹೆಚ್ಚು ನೋಯುತ್ತದೆ. ಶಾಲೆಯ ಸಭಾಂಗಣದಲ್ಲಿ ಹಳೆಯ ಸಮವಸ್ತ್ರದ ಮೇಜು ಹಾಕಿದ್ದರು. ಮಗಳು ತೆಳುವಾದ ಅಂಗಿಯಲ್ಲಿ ನಡುಗುತ್ತಿದ್ದಳು. ಒಬ್ಬ ತಾಯಿ ನೀಲಿ ಸ್ವೆಟರೊಂದನ್ನು ಎತ್ತಿ, ಅವಳ ಭುಜಕ್ಕೆ ಹಿಡಿದು ಅಳತೆ ನೋಡಿ, ಹಣ ಬೇಡ ಎಂದರು. ನಮಗೆ ಹೊಸದು ಕೊಳ್ಳುವ ಶಕ್ತಿ ಇದೆ ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಏನೂ ಹೇಳದೆ ಸ್ವೆಟರಿನ ತೋಳುಗಳನ್ನು ಒಳಕ್ಕೆ ಮಡಚಿ ಮೇಜಿನ ಮೇಲಿಟ್ಟರು. ಕತ್ತಿನ ಬಳಿ ಅವರ ಮಗಳ ಹೆಸರಿನ ಪಟ್ಟಿ ಹೊಲಿದಿತ್ತು. ತನ್ನ ಮಗುವಿನ ಮೈಮೇಲಿದ್ದದ್ದನ್ನೇ ಅವರು ನನ್ನ ಮಗುವಿಗೆ ಕೊಡಲು ಬಂದಿದ್ದರು. ಇಲ್ಲಿ ವೈದ್ಯರ ಮಕ್ಕಳೂ ಆ ಮೇಜಿನ ಬಟ್ಟೆ ತೊಡುತ್ತಾರೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಸಂಡೇ ಸ್ಕೂಲಿನಲ್ಲಿ ನಮಗೆ ಕಾಣಿಕೆ ಕೊಡಲು ಕಲಿಸಿದರು. ತೆಗೆದುಕೊಳ್ಳುವುದನ್ನು ಕಲಿಸಲಿಲ್ಲ. ಯಾರಾದರೂ ಏನಾದರೂ ಕೊಡಲು ಬಂದರೆ ದಯವಿಟ್ಟು ಎರಡೂ ಕೈ ಚಾಚಿ ತೆಗೆದುಕೊಳ್ಳಿ. ಅವರ ಕೈಯನ್ನು ಬರಿದಾಗಿ ಹಿಂದಿರುಗಿಸಬೇಡಿ.

ಸೆಪ್ಟೆಂಬರ್ ಕೊನೆಗೆ ಸುಗ್ಗಿ ಆರಾಧನೆ, ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳುವ ದಿನ, ಬರುತ್ತದೆ. ಇಲ್ಲಿನ ಈಗಿನ ರೂಪವನ್ನು 1843ರಲ್ಲಿ ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಎಂಬಲ್ಲಿ ರಾಬರ್ಟ್ ಹಾಕರ್ ಎಂಬ ಪಾದ್ರಿ ಆರಂಭಿಸಿದರೆನ್ನುತ್ತಾರೆ. ನಮ್ಮೂರಿನ ಸುಗ್ಗಿಯ ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಆರಾಧನೆ ಮುಗಿದ ಮೇಲೆ ಲಿಲಾವು, ಇವನ್ನು ಹುಡುಕಬೇಡಿ. ಮಕ್ಕಳು ಡಬ್ಬಿಯ ಮೀನು, ಬೀನ್ಸ್, ಕೆಡದ ಹಾಲಿನ ಪೊಟ್ಟಣ ತಂದಿಡುತ್ತಾರೆ, ಅದು ಇಲ್ಲದವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ಹೋಗುತ್ತದೆ. ಶಾಲೆ ಕೊಟ್ಟ ಪಟ್ಟಿಯಲ್ಲಿರುವುದನ್ನೇ ಕೊಡಿ, ಅವಧಿ ನೋಡಿ ಕೊಡಿ, ಹೆಸರು ಬರೆಯಬೇಡಿ. ಬೆಳಿಗ್ಗೆ ಡಬ್ಬಿ ತಂದಿಟ್ಟ ಮಗುವಿನ ಮನೆಯವರೇ ಶುಕ್ರವಾರ ಅಲ್ಲಿ ಸಾಲಿನಲ್ಲಿ ನಿಂತಿರಬಹುದು.

ಇನ್ನು ಪ್ರಾರ್ಥನೆ. 1944ರ ಶಿಕ್ಷಣ ಕಾಯ್ದೆಯ ಕಾಲದಿಂದ ಇಲ್ಲಿನ ಸರಕಾರಿ ಶಾಲೆಗಳಲ್ಲಿ ದಿನವೂ ಸಾಮೂಹಿಕ ಆರಾಧನೆ ನಡೆಯಬೇಕೆಂಬ ಕಾನೂನಿದೆ; ಬೇಡವೆನ್ನುವ ತಂದೆತಾಯಿ ಮಗುವನ್ನು ಅದರಿಂದ ಬಿಡಿಸಿಕೊಳ್ಳಬಹುದು. ನಾನು ಸಂತೋಷಪಟ್ಟೆ. ಶಾಲೆಯೇ ಕಲಿಸುತ್ತದೆಂದು ಮನೆಯಲ್ಲಿ ಕೈಬಿಟ್ಟೆ. ಮರುವರ್ಷ ಒಂದು ಭಾನುವಾರ ಫೋನಿನಲ್ಲಿ ಅವ್ವ, ಮೊಮ್ಮಗಳ ಜೊತೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರು ಮಾಡಿದಳು. ಮಗಳು ಆ ಸಾಲನ್ನು ಹೇಳಿ, ಮುಂದಿನದಕ್ಕೆ ತಡವರಿಸಿ, ಇಂಗ್ಲಿಷಿಗೆ ಜಾರಿದಳು. ಅವ್ವ ನಿಲ್ಲಿಸಿ ಕಾದಳು. ಮಗಳು ಮುಂದುವರಿಯಲಿಲ್ಲ. ಉಳಿದದ್ದನ್ನು ಅವ್ವ ಒಬ್ಬಳೇ ಹೇಳಿದಳು. ಆಮೆನ್ ಮಾತ್ರ ಇಬ್ಬರದೂ ಕೂಡಿತು.

ದೇವರಿಗೆ ಎಲ್ಲ ಭಾಷೆಯೂ ತಿಳಿಯುತ್ತದೆ. ಅವ್ವನಿಗೆ ತಿಳಿಯುವುದು ಒಂದೇ. ಮರುದಿನದಿಂದ ಶಾಲೆಯ ದಾರಿಯ ಏಳು ನಿಮಿಷವನ್ನು ಆ ಪ್ರಾರ್ಥನೆಗೆ ಇಟ್ಟೆವು, ಕನ್ನಡದಲ್ಲಿ, ಕೈ ಹಿಡಿದುಕೊಂಡು. ಈಗ ಅವಳಿಗೆ ಹದಿಮೂರು. ಮಾತುಗಳೆಲ್ಲ ಬರುತ್ತವೆ, ಆದರೆ ‘ಅನುದಿನದ ಆಹಾರ’ ಎಂದಾಗ ಅವಳ ಕಣ್ಣ ಮುಂದೆ ರೊಟ್ಟಿ ಬಡಿಯುವ ಸದ್ದಾಗಲಿ ಒಲೆಯ ಹೊಗೆಯಾಗಲಿ ಇಲ್ಲ. ಅದನ್ನು ನಾನು ಎಲ್ಲಿಂದ ತರಲಿ? ನಿಮ್ಮ ಮಕ್ಕಳು ಚಿಕ್ಕವರಿದ್ದಾರೆ, ನೀವು ಮೊದಲ ದಿನದಿಂದಲೇ ಶುರು ಮಾಡಿ.

ಹಳೆಯ ಸಮವಸ್ತ್ರದ ಆ ಮೇಜಿನ ಹಿಂದೆ ಈಗ ಕೆಲವು ವರ್ಷಗಳಿಂದ ನಾನೂ ನಿಲ್ಲುತ್ತೇನೆ. ಶಾಲೆ ತೆರೆಯುವ ಹಿಂದಿನ ವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಮಗಳ ನೀಲಿ ಸ್ವೆಟರ್ ಒಂದು ಉಳಿದಿದೆ, ಐದಾರು ವರ್ಷದವರಿಗೆ ಆಗುತ್ತದೆ. ಒಗೆದು ಮಡಚಿಟ್ಟಿದ್ದೇನೆ, ಕತ್ತಿನ ಪಟ್ಟಿ ಮಾತ್ರ ಬಿಚ್ಚಿಲ್ಲ, ಬೇಕಿದ್ದರೆ ನೀವು ಬಿಚ್ಚಿಕೊಳ್ಳಿ.