ಗಾಲಿಯ ಮೇಲೆ ಕಾಯುವ ಕಲ್ಲಿದ್ದಲು: ಲ್ಯಾಂಬರ್ಟ್ಸ್ ಪಾಯಿಂಟ್‌ನಲ್ಲಿ ಹಡಗು ತುಂಬಿಸಿದ ನನ್ನ ಅನುಭವ

ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ, ಲ್ಯಾಂಬರ್ಟ್ಸ್ ಪಾಯಿಂಟ್‌ನ 6ನೇ ಪಿಯರ್‌ನಲ್ಲಿ (ನೀರಿನೊಳಕ್ಕೆ ಚಾಚಿದ ದಕ್ಕೆ), ಕ್ಯಾಪ್ಟನ್ ನಂತರದ ಅಧಿಕಾರಿಯಾದ ಚೀಫ್ ಆಫೀಸರ್ ಆಗಿ ಪನಾಮ್ಯಾಕ್ಸ್ (ಪನಾಮಾ ಕಾಲುವೆಯ ಹಳೆಯ ಲಾಕ್‌ಗಳಲ್ಲಿ ಹಾಯಬಲ್ಲ ಗಾತ್ರದ) ಹಡಗೊಂದಕ್ಕೆ ಉಕ್ಕಿನ ತಯಾರಿಕೆಗೆ ಬಳಸುವ ಕೋಕಿಂಗ್ ಕಲ್ಲಿದ್ದಲು ತುಂಬಿಸುವ ಹೊಣೆ ನನ್ನದಾಗಿತ್ತು. ಬೇರೆ ಎಷ್ಟೋ ಬಂದರುಗಳಲ್ಲಿ ದಕ್ಕೆಯ ಹಿಂದೆ ಕಲ್ಲಿದ್ದಲಿನ ಗುಡ್ಡಗಳು ಕಾಣುತ್ತವೆ. ಇಲ್ಲಿ ಕಾಣುವುದು ಸಾಲುಸಾಲು ವ್ಯಾಗನ್‌ಗಳು. ಕಲ್ಲಿದ್ದಲು ನೆಲಕ್ಕಿಳಿಯದೆ ಗಾಲಿಗಳ ಮೇಲೆಯೇ ಹಡಗಿಗಾಗಿ ಕಾಯುತ್ತದೆ.

ಪೊಕಾಹೊಂಟಾಸ್ ಗಣಿ ಪ್ರದೇಶದ ಕಲ್ಲಿದ್ದಲು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಮೂಲಕ ಈ ಊರಿಗೆ ಮೊದಲು ಬಂದದ್ದು 1883ರಲ್ಲಿ. ಹಿಂದೆ ವ್ಯಾಗನ್‌ಗಳನ್ನು ಏರಿನ ಮೇಲಕ್ಕೆ ದೂಡುತ್ತಿದ್ದ, ಉಕ್ಕಿನ ಹಗ್ಗದಿಂದ ಎಳೆಯುವ ಪುಟ್ಟ ಗಾಡಿಯನ್ನು ಬಾರ್ನಿ ಎನ್ನುತ್ತಿದ್ದರು. ವ್ಯಾಗನ್‌ಗಳು ಕಾಯುವ ಯಾರ್ಡಿಗೆ ಇಂದಿಗೂ ಅದೇ ಹೆಸರಿದೆ. 6ನೇ ಪಿಯರ್ 1962ರಲ್ಲಿ ಕೆಲಸ ಆರಂಭಿಸಿತು, 1982ರಲ್ಲಿ ರಚನೆಯಾದ ರೈಲ್ವೆ ಕಂಪನಿ ನಾರ್ಫೋಕ್ ಸದರ್ನ್ ಅದನ್ನು ಈಗ ನಡೆಸುತ್ತಿದೆ.

ಇಳಿಜಾರಿನಲ್ಲಿ ತಮ್ಮ ಭಾರದಿಂದಲೇ ಉರುಳಿಬರುವ ವ್ಯಾಗನ್‌ಗಳನ್ನು ಡಂಪರ್ ಯಂತ್ರ ಎರಡೆರಡಾಗಿ ಹಿಡಿದು ಮಗುಚುತ್ತದೆ; ಕಲ್ಲಿದ್ದಲು ಬೆಲ್ಟ್ ಏರಿ, ಪಿಯರ್ ಉದ್ದಕ್ಕೂ ಹಳಿಯ ಮೇಲೆ ಚಲಿಸುವ ಶಿಪ್‌ಲೋಡರ್ ಯಂತ್ರದ ಮೂಲಕ ಹೋಲ್ಡಿಗೆ (ಹಡಗಿನ ಸರಕಿನ ಕೋಣೆಗೆ) ಬೀಳುತ್ತದೆ. ಬೇರೆ ಬೇರೆ ಗಣಿಗಳ ಕಲ್ಲಿದ್ದಲನ್ನು ಬೆರೆಸಬೇಕಾದರೆ ಅದು ತೀರ್ಮಾನವಾಗುವುದು ವ್ಯಾಗನ್‌ಗಳನ್ನು ಜೋಡಿಸುವ ಸರದಿಯಲ್ಲಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ವ್ಯಾಗನ್‌ಗಳನ್ನು ಮೊದಲು ಬಿಸಿ ಶೆಡ್‌ಗಳಲ್ಲಿ ಕರಗಿಸಿಕೊಳ್ಳುತ್ತಾರೆ.

ಆದ್ದರಿಂದ ನಾನು ಲೋಡಿಂಗ್ ಪ್ಲಾನನ್ನು ಟನ್ನಿನ ಬದಲು ವ್ಯಾಗನ್ ಲೆಕ್ಕದಲ್ಲಿ ಬರೆದೆ. ಅಲ್ಲಿನವರ ಟನ್ ಸುಮಾರು 907 ಕಿಲೋ, ನಮ್ಮದು 1000. ಈ ವ್ಯತ್ಯಾಸವನ್ನು ಮೊದಲೇ ಕೂತು ಇತ್ಯರ್ಥ ಮಾಡಿಕೊಳ್ಳದಿದ್ದರೆ ಕೊನೆಯ ಗಂಟೆಯಲ್ಲಿ ಗೊಂದಲ ಖಚಿತ. ಒಂದು ವ್ಯಾಗನ್ನಿನಲ್ಲಿ ಅವರ 100 ಟನ್ ಎಂದುಕೊಂಡರೆ, ಒಂದು ಜೋಡಿ ಮಗುಚಿದಾಗ ನಮಗೆ ಬರುವುದು ಸುಮಾರು 181 ಟನ್. ನಮ್ಮ ಹಡಗು ಅದರಿಂದ ಮೂರು ಸೆಂಟಿಮೀಟರ್‌ಗಿಂತ ತುಸು ಕಡಿಮೆ ಮುಳುಗುತ್ತಿತ್ತು.

ನನಗೆ ನಿಜವಾದ ಕಷ್ಟ ಕೊಟ್ಟದ್ದು ಬ್ಯಾಲಾಸ್ಟ್, ಅಂದರೆ ಖಾಲಿ ಹಡಗು ಸ್ಥಿರವಾಗಿರಲೆಂದು ಟ್ಯಾಂಕುಗಳಲ್ಲಿ ತುಂಬಿಕೊಂಡ ನೀರು; ಸರಕು ಏರಿದಂತೆ ಅದನ್ನು ಹೊರಹಾಕಬೇಕು. ತಳದ ಟ್ಯಾಂಕುಗಳ ಕೊನೆಯ ನೀರು ಪಂಪಿಗೆ ಸಿಗಬೇಕಾದರೆ ಹಡಗು ಹಿಂಭಾಗಕ್ಕೆ ವಾಲಿರಬೇಕು. ನಾನು ಮುಂಭಾಗದ ಹೋಲ್ಡನ್ನು ಅವಸರಪಟ್ಟು ಮೊದಲೇ ತೆಗೆದುಕೊಂಡೆ. ಮೂತಿ ತಗ್ಗಿತು, ಪಂಪ್ ಗಾಳಿ ಎಳೆಯತೊಡಗಿತು, ನೂರಾರು ಟನ್ ನೀರು ಒಳಗೇ ಉಳಿಯಿತು. ನೀರು ಉಳಿದಷ್ಟು ಸರಕನ್ನು ಬಿಟ್ಟು ಹೋಗಬೇಕಾಗುತ್ತದೆ. ಲೋಡಿಂಗ್ ನಿಲ್ಲಿಸಲು ಕೇಳಿ, ಹಿಂಭಾಗದ ಹೋಲ್ಡಿಗೆ ಸರಿಸಿ, ನೀರು ಪೂರ್ತಿ ಖಾಲಿಯಾದ ಮೇಲಷ್ಟೇ ಮುಂದುವರಿದೆ. ಅಂದಿನಿಂದ ನನ್ನ ಪ್ಲಾನಿನಲ್ಲಿ ಹೋಲ್ಡಿನ ಪ್ರತಿ ಸುರಿತದ ಎದುರಿಗೆ ಖಾಲಿಯಾಗಬೇಕಾದ ಟ್ಯಾಂಕಿನ ಹೆಸರನ್ನೂ ಬರೆಯುತ್ತೇನೆ.

ಟ್ರಿಮ್ (ಹಡಗು ಹಿಂದಕ್ಕೋ ಮುಂದಕ್ಕೋ ವಾಲಿರುವ ಪ್ರಮಾಣ) ಸರಿಪಡಿಸಲು ಕೊನೆಗೆ ಸ್ವಲ್ಪ ಸರಕನ್ನು ಉಳಿಸಿಕೊಂಡಿದ್ದೆ. ಅದಕ್ಕೆ ಮುನ್ನ ಮುಂದೆ, ನಡುವೆ, ಹಿಂದೆ, ಎರಡೂ ಬದಿಗಳಲ್ಲಿ, ಹೀಗೆ ಆರು ಕಡೆ ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿರುವ ಆಳ) ಓದಿದೆವು. ಎಲಿಜಬೆತ್ ನದಿಯ ನೀರು ಪೂರ್ತಿ ಸಮುದ್ರದ್ದೂ ಅಲ್ಲ, ಪೂರ್ತಿ ಸಿಹಿಯೂ ಅಲ್ಲ. ಬಕೆಟ್ಟಿನಲ್ಲಿ ನೀರೆತ್ತಿ ಹೈಡ್ರೋಮೀಟರ್ ತೇಲಿಸಿ ಸಾಂದ್ರತೆಯನ್ನು ಅಳೆಯದೆ ಆ ಅಂಕಿಗಳಿಗೆ ಅರ್ಥವಿಲ್ಲ. ನಿಲ್ಲಿಸಿ ಎಂದ ಮೇಲೂ ಬೆಲ್ಟಿನ ಮೇಲಿರುವುದು ಬಂದೇ ತೀರುತ್ತದೆ ಎಂದು ಲೆಕ್ಕ ಹಾಕಿ, ಮುಂದೆ ಎರಡು ಜೋಡಿ, ಹಿಂದೆ ಒಂದು ಜೋಡಿ ಕೇಳಿದೆ. ಕೊನೆಯ ಜೋಡಿ ಮಗುಚಿ ಬೆಲ್ಟ್ ಬರಿದಾದಾಗ ಮುಂದಿನ ಮತ್ತು ಹಿಂದಿನ ಡ್ರಾಫ್ಟ್ ಒಂದೇ ಆಗಿತ್ತು.