ಸಂಘದ ಮ್ಯೂಸಿಯಂಗೆ ಹೊಸ ರೂಪ: ನಕ್ಷೆಗೆ ಮೊದಲು ಜನರನ್ನು ಕೇಳಿ

ಮುಂಬೈಯ ಕನ್ನಡ ಸಂಘವೊಂದರಲ್ಲಿ ಹಳೆಯ ಫೋಟೋ, ಯಕ್ಷಗಾನದ ಕಿರೀಟ, ತಾಮ್ರದ ಪಾತ್ರೆಗಳಿರುವ ಪುಟ್ಟ ಮ್ಯೂಸಿಯಂ ಇದೆ ಅಂದುಕೊಳ್ಳಿ. ಅದನ್ನು ಹೊಸದಾಗಿ ಜೋಡಿಸಬೇಕು. ಸಾಮಾನ್ಯವಾಗಿ ನಕ್ಷೆ ಬರುತ್ತದೆ, ಸಮಿತಿ ಒಪ್ಪುತ್ತದೆ, ಜನರಿಗೆ ಸಿಗುವುದು ಉದ್ಘಾಟನೆಯ ಆಮಂತ್ರಣ ಮಾತ್ರ. ಅವರನ್ನು ಕರೆಯಬೇಕಾದದ್ದು ನಕ್ಷೆಗೆ ಮೊದಲು.

ಯಾವುದನ್ನು ಬದಲಿಸಬಹುದು, ಯಾವುದನ್ನು ಆಗದು ಎಂದು ಮೊದಲೇ ಬರೆದಿಡಿ. ಬಜೆಟ್ಟನ್ನೂ ಹೇಳಿಬಿಡಿ.

ಆಮೇಲೆ ಸಭೆಯ ಹೊತ್ತು. ಭಾನುವಾರ ಸಂಜೆ ಇಟ್ಟರೆ ಹೋಟೆಲ್ ಕೆಲಸದವರು ಬರಲಾರರು. ಅದು ಗಿರಾಕಿಗಳು ಜಾಸ್ತಿ ಬರುವ ಹೊತ್ತು. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ ನೀವೇ ಅವರ ಹತ್ತಿರ ಹೋಗಿ. ಭಜನಾ ಮಂಡಳಿಗೂ ಹೋಗಿ. ನಗರದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವೇ 2015ರಿಂದ ಬಸ್ಸಿನಲ್ಲಿ ಪ್ರದರ್ಶನ ಇಟ್ಟುಕೊಂಡು ಶಾಲೆಗಳಿಗೆ ಹೋಗುತ್ತಿದೆ. ಸಣ್ಣ ಸಂಘಕ್ಕೆ ಜನರ ಹತ್ತಿರ ಹೋಗುವುದು ಕಷ್ಟವಲ್ಲ, ಅಲ್ವಾ?

ಸುಮ್ನೆ ‘ನಿಮಗೇನು ಬೇಕು?’ ಎಂದು ಕೇಳಿದರೆ ‘ನೀವೇ ನೋಡಿ ಮಾಡಿ’ ಅನ್ನುತ್ತಾರೆ. ಅದರ ಬದಲು ಅವರನ್ನು ಕೋಣೆಯಲ್ಲಿ ಸುತ್ತಾಡಿಸಿ. ಎಲ್ಲಿ ನಿಂತರು, ಎಲ್ಲಿ ಕೂರಲು ಜಾಗ ಹುಡುಕಿದರು, ಗಮನಿಸಿ. ಎರಡು ಪ್ರಶ್ನೆ ಕೇಳಿ: ಮೊಮ್ಮಕ್ಕಳಿಗೆ ಮೊದಲು ಏನು ತೋರಿಸುತ್ತೀರಿ? ಇಲ್ಲಿ ಯಾರ ಬದುಕು ಕಾಣುತ್ತಿಲ್ಲ?

ಎರಡನೆಯದೇ ನನಗೆ ಮುಖ್ಯ. ಹಗಲು ಹೋಟೆಲಿನಲ್ಲಿ ದುಡಿದು, ಮುಂಬೈಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರ ಪುಸ್ತಕ, ಸರ್ಟಿಫಿಕೇಟುಗಳಿಗೂ ಅಲ್ಲಿ ಜಾಗ ಬೇಕು. ದಾನಿಗಳ ಫೋಟೋ ಒಂದೇ ಗೋಡೆಗೆ ಸಾಕು. ಪುಣೆಯ ರಾಜಾ ದಿನಕರ ಕೇಳಕರ ಮ್ಯೂಸಿಯಂ ನೋಡಿ. ಅಡಕತ್ತರಿ, ದೀಪ, ಅಡುಗೆ ಪಾತ್ರೆಗಳನ್ನು ಅಲ್ಲಿ ಎಷ್ಟು ಗೌರವದಿಂದ ಇಟ್ಟಿದ್ದಾರೆ!

ಈಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಜಾಗ ಗುರುತಿಸಿ, ಶೋಕೇಸಿನ ಬದಲು ರಟ್ಟಿನ ಪೆಟ್ಟಿಗೆ ಇಡಿ. ಜನರೇ ಅದನ್ನು ಸರಿಸಿ ನೋಡಲಿ. ಗಾಲಿಕುರ್ಚಿ ತಿರುಗಲು ಸುಮಾರು 5 ಅಡಿ ಬೇಕು. ಮಗುವಿನ ಕಣ್ಣಿಗೂ ವಸ್ತು ಕಾಣಬೇಕು. ಎಲ್ಲವೂ ಓಟಿಗೆ ಹಾಕುವ ವಿಷಯವಲ್ಲ: ಹಳೆಯ ಬಟ್ಟೆ, ಕಾಗದದ ಮೇಲೆ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ದಾಟಬಾರದು. ಅದನ್ನು ತಿಳಿದವರಿಗೇ ಬಿಡಿ.

ಯಾರಾದರೂ ಮನೆಯ ವಸ್ತು ತಂದರೆ ರಸೀದಿ ಕೊಡಿ. ದಾನವೋ, ಸ್ವಲ್ಪ ಕಾಲಕ್ಕೆ ಕೊಟ್ಟದ್ದೋ, ಬರೆದುಕೊಳ್ಳಿ. ಅದರ ಕಥೆಯನ್ನು ಒಪ್ಪಿಗೆ ಪಡೆದು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ.

ಯಾವ ಸಲಹೆ ತೆಗೆದುಕೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಎಂದು ಬರೆದು ಬಾಗಿಲ ಪಕ್ಕ ಅಂಟಿಸಿ. ಮುಂದಿನ ಸಭೆಯ ದಿನವೂ ಅದರಲ್ಲೇ ಇರಲಿ.